ಕ್ಲಿಪ್ ಬಿಚ್ಚಿದ ಮೇಲೆ ಹಲ್ಲಲ್ಲಿ ಬಿಳಿ ಚೌಕಟ್ಟು, ಮೊದಲೇ ಏನಾದ್ರೂ ಹಚ್ಚಿ ತಡೀಲಿಕ್ಕೆ ಆಗ್ತದಾ?

ಡೊಂಬಿವ್ಲಿ ಅಮ್ಮ, ರಾತ್ರಿ 10:40

ಎಲ್ರಿಗೂ ನಮಸ್ಕಾರ. ಮಗಳಿಗೆ 13 ವರ್ಷ, ಬರುವ ಶನಿವಾರ ಹಲ್ಲಿಗೆ ಕ್ಲಿಪ್ ಹಾಕ್ಸ್ಲಿಕ್ಕುಂಟು. ಎಕ್ಸ್‌ರೇ ಆಯ್ತು, ಅಚ್ಚು ತೆಗೆದದ್ದಾಯ್ತು, ಅಡ್ವಾನ್ಸ್ ಕೊಟ್ಟದ್ದೂ ಆಯ್ತು. ಈಗ ನನಗೆ ಸಂಕಟ ಶುರುವಾದದ್ದು ಎಂತಕ್ಕೆ ಅಂದ್ರೆ ಮೊನ್ನೆ ಥಾಣೆಯಲ್ಲಿ ನಾದಿನಿ ಮನೆಗೆ ಹೋಗಿದ್ದೆವು, ಅವಳ ಮಗನಿಗೆ ಎರಡು ವರ್ಷ ಇದ್ದ ಕ್ಲಿಪ್ ಹೋದ ತಿಂಗಳು ಬಿಚ್ಚಿದ್ದು, ಹಲ್ಲಿನ ಸಾಲು ಮಲ್ಲಿಗೆ ಕಟ್ಟಿದ ಹಾಗೆ ಆಗಿದೆ, ಆದ್ರೆ ಒಂದೊಂದು ಹಲ್ಲಿನ ನಡುವೆ ಕ್ಲಿಪ್ ಅಂಟಿದ್ದ ಜಾಗ ಮಾತ್ರ ಸರಿ ಉಂಟು, ಅದರ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದ ಹಾಗೆ ಬಿಳಿ ಚೌಕಟ್ಟು. ಹುಡುಗ ಬಾಯಿ ಮುಚ್ಚಿಕೊಂಡೇ ನಗ್ತಾನೆ ಪಾಪ. ಅಷ್ಟು ದುಡ್ಡು ಹಾಕಿ ಕೊನೆಗೆ ಇದಾ?

ನಮ್ಮ ಡಾಕ್ಟ್ರ ಹತ್ರ ಕೇಳಿದ್ದಕ್ಕೆ ಪ್ರತಿ ಸಲ ಬಂದಾಗ ವಾರ್ನಿಶ್ ಬಳಿಯುವಾ, ಅದಕ್ಕೆ ಬೇರೆ ಚಾರ್ಜು ಅಂದ್ರು. ವಾರ್ನಿಶ್ ಅಂದ ಕೂಡ್ಲೆ ನನಗೆ ಊರಿನ ಮನೆಯ ಮಂಚ ನೆನಪಾಯ್ತು ಮಾರಾಯ್ರೆ. ಮೆಡಿಕಲ್‌ನವ ಒಂದು ಕ್ರೀಮ್ ತೋರಿಸ್ತಾನೆ, ಪಕ್ಕದ ಫ್ಲಾಟಿನವರು ಒಂದು ಮೌತ್‌ವಾಶ್ ಹೇಳ್ತಾರೆ. ಇದರಲ್ಲಿ ನಿಜವಾಗಿ ಕೆಲಸ ಮಾಡುವುದು ಯಾವುದು, ಸುಮ್ನೆ ದುಡ್ಡು ತಿನ್ನುವುದು ಯಾವುದು, ಗೊತ್ತಿದ್ದವರು ಹೇಳಿ.

ಕೋಥ್ರೂಡ್ ಕಾಫಿ, ರಾತ್ರಿ 11:15

ನಂಗೆ 29, ಹಿಂಜವಡೀಲಿ ಕೆಲ್ಸ, ಈ ವಯಸ್ಸಲ್ಲಿ ಕ್ಲಿಪ್ ಹಾಕಿಸ್ಕೊಂಡು 14 ತಿಂಗ್ಳಾಯ್ತು. ನಂಗೂ ಬಂತು ಕಣ್ರೀ. ಐದನೇ ತಿಂಗ್ಳಲ್ಲಿ ಮೇಲ್ಗಡೆ ಕೋರೆಹಲ್ಲಿನ ಪಕ್ಕದ ಹಲ್ಲಲ್ಲಿ, ಒಸಡಿಗೂ ಬ್ರಾಕೆಟ್‌ಗೂ (ಹಲ್ಲಿಗೆ ಅಂಟಿಸಿರೋ ಆ ಪುಟ್ಟ ತುಂಡು) ಮಧ್ಯೆ ಇರೋ ಆ ಸಣ್ಣ ಪಟ್ಟಿ ಇದ್ಯಲ್ಲ, ಅಲ್ಲಿ. ನಾನು ದಿನಕ್ಕೆ ಎರಡು ಸಲ ಉಜ್ತೀನಪ್ಪ ಅಂತ ವಾದ ಮಾಡಿದ್ದಕ್ಕೆ ನಮ್ ಡಾಕ್ಟ್ರಮ್ಮ ಒಂದು ಮಾತ್ರೆ ಕೊಟ್ಟು ಅಗೀರಿ ಅಂದ್ರು, ಕನ್ನಡಿ ನೋಡಿದ್ರೆ ಬ್ರಾಕೆಟ್ ಸುತ್ತ ಎಲ್ಲಾ ಗುಲಾಬಿ ಬಣ್ಣ, ಅಷ್ಟೂ ಪಾಚಿ, ಅಂದ್ರೆ ಹಲ್ಲಿಗೆ ಅಂಟೋ ಕೊಳೆ, ಪ್ಲೇಕ್. ವಾದ ಅಲ್ಲಿಗೆ ಮುಗೀತು. ಅದೂ ಅಲ್ದೆ ಆಫೀಸಲ್ಲಿ ಗಂಟೆಗೊಂದು ಕಟಿಂಗ್ ಚಹಾ, ಸಕ್ಕರೆ ಹಾಕಿದ್ದೇ.

ಪುಣೆ ಹಲ್ಲು ಡಾಕ್ಟ್ರು, ಬೆಳಿಗ್ಗೆ 7:05

ನಾನು ಕ್ಲಿಪ್ ಹಾಕೋ ಕೆಲಸಾನೇ ಮಾಡೋನು, ಊರು ದಾವಣಗೆರೆ, ಪುಣೆಗೆ ಬಂದು 11 ವರ್ಷ. ಡೊಂಬಿವ್ಲಿ ಅಮ್ಮ ಅವ್ರೇ, ಕ್ಲಿಪ್ ಹಾಕೋ ಮುಂಚೆ ಕೇಳಿದ್ರಲ್ಲ, ನಮ್ಮ ಹತ್ರ ಬಹಳಷ್ಟು ಜನ ಬಿಚ್ಚಿದ ದಿನ ಕೇಳ್ತಾರೆ.

ಬಿಳಿ ಯಾಕೆ ಕಾಣತ್ತೆ ಅಂತ ಮೊದ್ಲು. ಕಲ್ಲುಸಕ್ಕರೆ ನೋಡಿ, ಗಾಜಿನ ಥರ ಇರತ್ತೆ, ಅದನ್ನೇ ಕುಟ್ಟಿ ಪುಡಿ ಮಾಡಿದ್ರೆ ಬೆಳ್ಳಗಾಗತ್ತೆ. ಹಲ್ಲಿನ ಹೊರಪದರ, ಎನಾಮೆಲ್, ಅದರ ಕಥೆನೂ ಅದೇ. ಗಟ್ಟಿ ಇದ್ದಾಗ ಬೆಳಕು ಒಳಗೆ ಹೋಗತ್ತೆ, ಮೇಲ್ಪದರದ ಕೆಳಗಿಂದ ಖನಿಜ ಕರಗಿ ಸಣ್ಣ ಸಣ್ಣ ತೂತಾದಾಗ ಬೆಳಕು ಚದುರಿ ಬಿಳಿ ಕಾಣತ್ತೆ. ಕರಗಿಸೋದು ಬ್ರಾಕೆಟ್ ಅಲ್ಲ, ಅಂಟೂ ಅಲ್ಲ, ಅದರ ಸುತ್ತ ನಿಲ್ಲೋ ಪಾಚಿ. ಅದ್ರಲ್ಲಿರೋ ಬ್ಯಾಕ್ಟೀರಿಯಾ ನೀವು ತಿಂದ ಸಕ್ಕರೆ ತಿಂದು ಆಸಿಡ್ ಬಿಡತ್ತೆ, ಪಿಹೆಚ್ ಸುಮಾರು 5.5ಕ್ಕಿಂತ ಕೆಳಗೆ ಹೋಯ್ತು ಅಂದ್ರೆ ಹಲ್ಲಿಂದ ಕ್ಯಾಲ್ಸಿಯಂ ಫಾಸ್ಫೇಟ್ ಹೊರಗೆ ಬರತ್ತೆ. ಆಮೇಲೆ ಜೊಲ್ಲು ಆಸಿಡ್ ತಣ್ಣಗೆ ಮಾಡಿ ಹೋಗಿದ್ದನ್ನ ವಾಪಸ್ ತುಂಬತ್ತೆ. ದಿನಕ್ಕೆ ಮೂರು ಸಲ ಆದ್ರೆ ಜೊಲ್ಲು ಸಂಭಾಳಿಸತ್ತೆ, ಗಂಟೆಗೊಂದು ಕಟಿಂಗ್ ಆದ್ರೆ ತುಂಬೋಕೆ ಪುರುಸೊತ್ತೇ ಇಲ್ಲ. ಮೇಲಿನ ಮುಂದಿನ ಹಲ್ಲಿಗೆ ಜೊಲ್ಲು ಕಡಿಮೆ ತಲುಪತ್ತೆ, ಕೆಳಗಿನ ಮುಂದಿನ ಹಲ್ಲು ಜೊಲ್ಲಿನ ಗ್ರಂಥಿ ಪಕ್ಕದಲ್ಲೇ ಇರೋದ್ರಿಂದ ಬಚಾವು. ಕಾಫಿಯವ್ರಿಗೆ ಎಲ್ಲಿ ಬಂತೋ ಅದೇ ಅದರ ಮಾಮೂಲಿ ಜಾಗ.

ಇನ್ನೊಂದು, ಎರಡು ವರ್ಷ ಇದೆ, ನಿಧಾನ ನೋಡೋಣ ಅನ್ಕೋಬೇಡಿ. 1988ರಲ್ಲಿ ನಾರ್ವೆಯವ್ರು, ಹೇಗೂ ಕೀಳ್ಬೇಕಾಗಿದ್ದ ಹಲ್ಲುಗಳಿಗೆ ಸಡಿಲವಾಗಿ ಬ್ಯಾಂಡ್ ಹಾಕಿ, ಪಾಚಿ ನಿಲ್ಲೋಕೆ ಬಿಟ್ಟು, ಹಲ್ಲು ಕರಗೋದನ್ನ ತಡೆಯೋ ಫ್ಲೋರೈಡ್ ಕೊಡದೇ ನೋಡಿದ್ರು. ನಾಲ್ಕೇ ವಾರದಲ್ಲಿ ಕಣ್ಣಿಗೆ ಕಾಣೋ ಹಾಗೆ ಬಿಳಿ ಬಂದಿತ್ತು. ಅಂದ್ರೆ ನೀವು ಎರಡನೇ ಅಪಾಯಿಂಟ್‌ಮೆಂಟ್‌ಗೆ ಬರೋ ಹೊತ್ತಿಗೇ ಆಗಿರಬಹುದು. ಇದು ಅಪರೂಪದ್ದೂ ಅಲ್ಲ, 1982ರಲ್ಲಿ ಅಮೆರಿಕದಲ್ಲಿ ಎಣಿಸಿದಾಗ ಕ್ಲಿಪ್ ಹಾಕಿಸ್ಕೊಂಡವ್ರಲ್ಲಿ ಸುಮಾರು ಅರ್ಧ ಜನಕ್ಕೆ ಒಂದಾದ್ರೂ ಕಲೆ ಇತ್ತು. ಪೇಶೆಂಟ್ ಬಂದಿದಾರೆ, ಹಚ್ಚೋದ್ರ ಬಗ್ಗೆ ಮಧ್ಯಾಹ್ನ ಬರೀತೀನಿ.

ಮಾಟುಂಗಾ ಅಜ್ಜ, ಬೆಳಿಗ್ಗೆ 9:30

ನನಗೆ 81. ಹದಿನಾಲ್ಕನೇ ವಯಸ್ಸಿಗೆ ಕುಂದಾಪುರದಿಂದ ಬಂದು ಹೋಟೆಲಲ್ಲಿ ಕಪ್ಪು ಬಸಿ ತೊಳೆದು ಆಮೇಲೆ ಗಲ್ಲಾದಲ್ಲಿ ಕೂತವ. ಬಾಯಲ್ಲಿ ಈಗಲೂ 26 ಹಲ್ಲುಂಟು, ಎಲ್ಲ ನನ್ನದೇ. ಇದ್ದಿಲು, ಉಪ್ಪು, ವಾರಕ್ಕೊಮ್ಮೆ ಎಳ್ಳೆಣ್ಣೆ ಮುಕ್ಕಳಿಸುವುದು, ಅಷ್ಟೆ. ಫ್ಲೋರೈಡ್ ವಿಷ ಅಂತ ವಾಟ್ಸಾಪಿನಲ್ಲಿ ಬರ್ತಾ ಉಂಟಲ್ಲ? ಮಕ್ಕಳ ಬಾಯಿಗೆ ಯಾಕೆ ಅದು.

ವಾಸ್ಕೊ ಮುಂಡರಗಿ, ಬೆಳಿಗ್ಗೆ 10:10

ಅಜ್ಜಾರ ಮಾತಿಗೆ ನಂದೂ ಒಂದ್ ಸೇರಸ್ರಿ. ನಮ್ಮೂರು ಗದಗ ಜಿಲ್ಲಾ ಮುಂಡರಗಿ ಕಡೆ, ಬೋರಿನ ನೀರ ಕುಡದ ಬೆಳದಾವ್ರು ನಾವು. ನನ್ನ ಹಲ್ಲ ನೋಡಿದ್ರ ಕಂದ ಬಣ್ಣ, ನಮ್ಮ ಓಣಿಯಾಗ ಎಲ್ಲಾರದೂ ಹಂಗ, ಗ್ವಾದಾಗ ಕೆಲಸಕ್ಕ ಸೇರಿದ ಹೊಸದಾಗ ತಂಬಾಕ ತಿಂತೀ ಏನು ಅಂತ ಕೇಳಾವ್ರು. ಫ್ಲೋರೈಡ್ ಹೆಚ್ಚಾಗಿ ಹಿಂಗ ಆಗೇತಿ ಅಂತ ಸಾಲ್ಯಾಗ ಹೇಳಿದ್ರು. ಈಗ ನನ್ನ ಮಗಗ 12, ಅವಂಗೂ ಕ್ಲಿಪ್ ಹಾಕಬೇಕಂತ. ಅವ ಆರು ವರ್ಷ ಊರಾಗ ಅಜ್ಜಿ ಕಡೆ ಇದ್ದ, ಅವನ ಹಲ್ಲಿನ ಮ್ಯಾಲೂ ಸಣ್ಣ ಬಿಳಿ ಗೆರಿ ಅದಾವ. ಯಾವ ಫ್ಲೋರೈಡ್ ನಮ್ಮ ಹಲ್ಲ ಕೆಡಿಸ್ತೋ ಅದನ್ನ ಮತ್ತ ರೊಕ್ಕಾ ಕೊಟ್ಟ ಹಚ್ಚಸೂದೇನ್ರಿ? ತಿಳದಾವ್ರು ಸಿಟ್ಟಿಗೇಳಬ್ಯಾಡ್ರಿ, ಖರೇನ ಕೇಳಾಕತ್ತೇನಿ.

ಪುಣೆ ಹಲ್ಲು ಡಾಕ್ಟ್ರು, ಮಧ್ಯಾಹ್ನ 2:20

ಸಿಟ್ಟು ಯಾಕ್ರೀ, ಮುಂಡರಗಿಯವ್ರು ಕೇಳಿದ್ದು ಸರಿಯಾದ ಪ್ರಶ್ನೆ. ಅದಕ್ಕೇ ಮೊದ್ಲು ಉತ್ತರ ಕೊಡ್ತೀನಿ.

ಫ್ಲೋರೈಡ್ ಹೆಚ್ಚಾಗಿ ಹಲ್ಲಲ್ಲಿ ಕಲೆ ಬೀಳೋದು, ಅಂದ್ರೆ ಫ್ಲೋರೋಸಿಸ್, ಆಗೋದು ಹಲ್ಲು ದವಡೆ ಒಳಗೆ ತಯಾರಾಗ್ತಾ ಇರೋವಾಗ, ಹೊಟ್ಟೆಗೆ ಹೋದ ಫ್ಲೋರೈಡ್ ರಕ್ತದ ಮೂಲಕ ಅಲ್ಲಿಗೆ ತಲುಪಿ. ಮುಂದಿನ ಹಲ್ಲಿನ ಎನಾಮೆಲ್ ತಯಾರಾಗೋದು ಚಿಕ್ಕ ವಯಸ್ಸಲ್ಲೇ, ಬುದ್ಧಿಹಲ್ಲು ಬಿಟ್ರೆ ಉಳಿದ ಹಲ್ಲಿಗೆಲ್ಲಾ ಸುಮಾರು ಎಂಟು ವರ್ಷದ ಹೊತ್ತಿಗೆ ಆ ಕೆಲಸ ಮುಗಿದಿರತ್ತೆ. ಕುಡಿಯೋ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರಿನ ಮೂಲ ಇಲ್ಲದಿದ್ರೆ 1.5ರ ತನಕ ಅಂತ ನಮ್ಮ ದೇಶದ ಮಾನದಂಡ. ನಿಮ್ಮೂರಿನ ಬೋರುಗಳಲ್ಲಿ ಅದಕ್ಕಿಂತ ಜಾಸ್ತಿ ಇರೋ ನೀರನ್ನ ಮಕ್ಕಳು ದಿನಾ ಲೀಟರ್‌ಗಟ್ಟಲೆ ಕುಡಿದು ಬೆಳೆದ್ರು. ಹುಟ್ಟಿ ಆಗಿರೋ ಹಲ್ಲಿನ ಮೇಲೆ ಹೊರಗಿಂದ ಹಚ್ಚೋದು ಬೇರೇನೇ ಕೆಲಸ. ಕಡ್ಲೆಕಾಳಷ್ಟು ಪೇಸ್ಟ್ ಅಂದ್ರೆ ಕಾಲು ಗ್ರಾಂ, 1000 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಸಾವಿರ ಭಾಗ) ಪೇಸ್ಟ್ ಆದ್ರೆ ಅದ್ರಲ್ಲಿ ಫ್ಲೋರೈಡ್ ಕಾಲು ಮಿಲಿಗ್ರಾಂ, ಅದನ್ನೂ ಉಗುಳ್ತೀರ. 12 ವರ್ಷದ ಹುಡುಗನಿಗೆ ಇದ್ರಿಂದ ಹೊಸ ಫ್ಲೋರೋಸಿಸ್ ಬರಲ್ಲ. ಒಂದು ಕೆಲಸ ಮಾತ್ರ ಖಂಡಿತ ಮಾಡ್ಸಿ, ಕ್ಲಿಪ್ ಹಾಕೋ ಮುಂಚೆ ಹಲ್ಲಿನ ಸ್ಪಷ್ಟ ಫೋಟೋ. ಇಲ್ಲಾಂದ್ರೆ ಎರಡು ವರ್ಷ ಆದ್ಮೇಲೆ ಊರಿನ ನೀರಿನ ಗೆರೆ ಯಾವ್ದು, ಕ್ಲಿಪ್ಪಿನ ಕಲೆ ಯಾವ್ದು ಅಂತ ಜಗಳ ಆಗತ್ತೆ. ನೀರಿನದ್ದು ಸಾಮಾನ್ಯವಾಗಿ ಎಡಬಲ ಜೋಡಿ ಹಲ್ಲಿನಲ್ಲಿ ಒಂದೇ ಥರ, ಅಡ್ಡಡ್ಡ ಗೆರೆ, ಅಂಚು ಮಸುಕು. ಕ್ಲಿಪ್ಪಿನದ್ದು ಬ್ರಾಕೆಟ್ ಸುತ್ತ, ಒಸಡಿನ ಕಡೆ.

ಅಜ್ಜಾರೇ, ನಿಮ್ಮ 26 ಹಲ್ಲಿಗೆ ನಮಸ್ಕಾರ. ಆದ್ರೆ ನಿಮ್ಮ ಹಲ್ಲಿಗೆ ಯಾರೂ ಕಬ್ಬಿಣ ಅಂಟಿಸಿರಲಿಲ್ಲ, ದಿನಕ್ಕೆ ಐದು ಸಲ ಬಿಸ್ಕೆಟ್ಟೂ ಇರಲಿಲ್ಲ. ಇದ್ದಿಲು ಒರಟು, ಹಲ್ಲು ಸವೆಸತ್ತೆ, ಬ್ರಾಕೆಟ್ ಸಂದೀಲಿ ಸಿಕ್ಕಿ ಕಪ್ಪಾಗಿ ಕೂರತ್ತೆ.

ಈಗ ಹಚ್ಚೋ ವಿಷಯ. ಪೇಸ್ಟಿಂದ ಶುರು ಮಾಡೋಣ, ಇದನ್ನ ಎಲ್ರೂ ಬಿಡ್ತಾರೆ. ನಿಮ್ಮನೆ ಪೇಸ್ಟ್ ಟ್ಯೂಬ್ ತಿರುಗಿಸಿ ಓದಿ. ನಮ್ಮ ದೇಶದಲ್ಲಿ ಅಂಗಡೀಲಿ ಸಿಗೋ ಪೇಸ್ಟ್‌ಗೆ ಮಿತಿ 1000 ಪಿಪಿಎಂ, ಮಕ್ಕಳ ಕಾರ್ಟೂನ್ ಪೇಸ್ಟಲ್ಲಿ ಅದ್ರ ಅರ್ಧ ಇರತ್ತೆ ಇಲ್ಲಾ ಏನೂ ಇರಲ್ಲ, ಗಿಡಮೂಲಿಕೆ ಪೇಸ್ಟ್ ಎಷ್ಟೋ ಫ್ಲೋರೈಡೇ ಇಲ್ದೆ ಬರತ್ತೆ. 13 ವರ್ಷದ ಹುಡುಗಿ ದೊಡ್ಡವ್ರ ಪೇಸ್ಟೇ ಬಳಸ್ಬೇಕು. ಎರಡನೇದು, ಉಜ್ಜಿ ಉಗುಳಿ, ಆಮೇಲೆ ತಂಬಿಗೆಗಟ್ಟಲೆ ನೀರಲ್ಲಿ ಗಳಗಳ ಮುಕ್ಕಳಿಸಬೇಡಿ. ನಮ್ಮ ಜನಕ್ಕೆ ಇದು ಹೇಳೋದೇ ಕಷ್ಟ, ಮುಕ್ಕಳಿಸದೇ ಇದ್ರೆ ಮುಖ ತೊಳೆದ ಹಾಗೇ ಆಗಲ್ಲ ನಮಗೆ. ಆದ್ರೆ ಹಚ್ಚಿದ್ದನ್ನೆಲ್ಲಾ ತೊಳೆದು ಚೆಲ್ಲಿದ್ರೆ ಹಲ್ಲಿಗೆ ಸಿಗೋದೇನು? ಸ್ವೀಡನ್‌ನಲ್ಲಿ 5000 ಪಿಪಿಎಂ ಪೇಸ್ಟನ್ನ ಮಾಮೂಲಿ 1450ರ ಜೊತೆ ಹೋಲಿಸಿ ನೋಡಿದ್ರು, ಕ್ಲಿಪ್ ಹಾಕಿದ ಮಕ್ಕಳಲ್ಲಿ ಕಲೆ ಕಡಿಮೆ ಬಂತು, ಆದ್ರೆ ಅದು ಡಾಕ್ಟ್ರು ಬರೆದುಕೊಡೋ ಥರದ್ದು, ಕಿರಾಣಿ ಅಂಗಡೀದಲ್ಲ.

ವಾರ್ನಿಶ್ ಅಂದ್ರೆ ಮಂಚದ್ದೂ ಒಂದು ಲೆಕ್ಕದಲ್ಲಿ ನಿಜಾನೇ, ರಾಳದಲ್ಲಿ ಕಲಸಿರ್ತಾರೆ! ಮಾಮೂಲಿ ಸಿಗೋದು 5 ಪರ್ಸೆಂಟ್ ಸೋಡಿಯಂ ಫ್ಲೋರೈಡ್, ಅಂದ್ರೆ 22,600 ಪಿಪಿಎಂ. ಕೇಳೋಕೆ ಭಯ ಆಗತ್ತೆ, ಆದ್ರೆ ಇಡೀ ಬಾಯಿಗೆ ಕೆಲವು ಹನಿ. ಹಲ್ಲು ಒರೆಸಿ ಬ್ರಾಕೆಟ್ ಸುತ್ತ ಬ್ರಶ್‌ನಲ್ಲಿ ತೆಳ್ಳಗೆ ಬಳಿತೀವಿ, ಜೊಲ್ಲು ತಾಗಿದ ಕೂಡ್ಲೆ ಗಟ್ಟಿಯಾಗಿ ಅಂಟ್ಕೊಳತ್ತೆ, ಕೆಲವು ಗಂಟೆ ಕಾಲ ನಿಧಾನಕ್ಕೆ ಫ್ಲೋರೈಡ್ ಬಿಡತ್ತೆ. ಆ ದಿನ ಗಟ್ಟಿ ಪದಾರ್ಥ, ಬಿಸಿಬಿಸಿ ಚಹಾ ಬೇಡ, ರಾತ್ರಿ ತನಕ ಬ್ರಶ್ಶೂ ಬೇಡ, ಹಲ್ಲು ಒಂದಿನ ಹಳದಿ ಕಾಣತ್ತೆ. ರಾಳದ ಅಲರ್ಜಿ ಇದ್ರೆ, ಜೋರು ಅಸ್ತಮಾ ಇದ್ರೆ ಮೊದ್ಲೇ ಹೇಳಿ.

ಕೆಲಸ ಮಾಡತ್ತಾ? ಇಲ್ಲಿ ನಮ್ಮ ವೃತ್ತಿಯವ್ರು ಸ್ವಲ್ಪ ಜಾಸ್ತಿನೇ ಭರವಸೆ ಕೊಡ್ತಾರೆ. 2007ರಲ್ಲಿ ಸ್ವೀಡನ್ನಿನ ಒಂದು ಪ್ರಯೋಗದಲ್ಲಿ ಆರು ವಾರಕ್ಕೊಮ್ಮೆ ಫ್ಲೋರೈಡ್ ವಾರ್ನಿಶ್ ಹಚ್ಚಿದ ಮಕ್ಕಳಲ್ಲಿ 7.4 ಪರ್ಸೆಂಟ್ ಹೊಸ ಕಲೆ, ಫ್ಲೋರೈಡ್ ಇಲ್ಲದ ಬರೀ ಹುಸಿ ವಾರ್ನಿಶ್ ಹಚ್ಚಿದವ್ರಲ್ಲಿ 25.7. ಭಾರೀ ವ್ಯತ್ಯಾಸ. ಆದ್ರೆ ಆಮೇಲೆ ಜರ್ಮನೀಲಿ ಮಾಡಿದ ಪ್ರಯೋಗದಲ್ಲಿ ಅಂಥ ಲಾಭ ಕಾಣಲಿಲ್ಲ. 2019ರಲ್ಲಿ ವೈದ್ಯಕೀಯ ಪ್ರಯೋಗಗಳನ್ನ ಒಟ್ಟುಗೂಡಿಸಿ ತೂಗಿ ನೋಡೋ ಕಾಕ್ರೇನ್ ಸಂಸ್ಥೆಯವ್ರು 10 ಪ್ರಯೋಗ ಒಟ್ಟಿಗೆ ಇಟ್ಟು ನೋಡಿದಾಗ ಜಾಸ್ತಿ ಫ್ಲೋರೈಡ್ ಪೇಸ್ಟು, ಆರರಿಂದ ಎಂಟು ವಾರಕ್ಕೊಮ್ಮೆ ಡಾಕ್ಟ್ರು ಹಾಕೋ ಫ್ಲೋರೈಡ್ ಫೋಮು, ಇವು ಉಪಯೋಗ ಆಗಬಹುದು ಅಂದ್ರು, ಅದನ್ನೂ ಪುರಾವೆ ಗಟ್ಟಿ ಇಲ್ಲ ಅಂತ ಸೇರಿಸೇ ಅಂದ್ರು. ನಾನು ಎಲ್ರಿಗೂ ಬಳಿಯಲ್ಲ. ಮಗು ಚೆನ್ನಾಗಿ ಉಜ್ಜಿದ್ರೆ ಬಿಡ್ತೀನಿ, ಎರಡು ಭೇಟೀಲೂ ಪಾಚಿ ಕಂಡ್ರೆ ಬಳಿತೀನಿ, ಆಗ್ಲೇ ಒಂದು ಕಲೆ ಕಂಡ್ರಂತೂ ಕೇಳೋದೇ ಇಲ್ಲ.

ಡೊಂಬಿವ್ಲಿ ಅಮ್ಮ, ಮಧ್ಯಾಹ್ನ 3:45

ಡಾಕ್ಟ್ರೇ ತುಂಬ ಉಪಕಾರ. ಈಗಷ್ಟೇ ಪೇಸ್ಟ್ ತಿರುಗಿಸಿ ನೋಡಿದೆ, ನಾವು ಇಷ್ಟು ವರ್ಷ ತರ್ತಾ ಇದ್ದದ್ದರಲ್ಲಿ ಫ್ಲೋರೈಡ್ ಹೆಸರೇ ಇಲ್ಲ. ಲವಂಗ ಉಂಟು, ಬೇವು ಉಂಟು, ಪುದೀನ ಉಂಟು, ಒಗ್ಗರಣೆ ಒಂದು ಬಾಕಿ. ಮೆಡಿಕಲ್‌ನವನ ಕ್ರೀಮಿನ ವಿಷಯ ಯಾರೂ ಹೇಳ್ಲಿಲ್ಲ. ಹಾಲಿನಿಂದ ಮಾಡಿದ್ದು ಅಂತಾನೆ, ಸಣ್ಣ ಟ್ಯೂಬಿಗೆ ಅವ ಹೇಳಿದ ರೇಟಿನಲ್ಲಿ ನಮಗೆ ಒಂದು ವಾರದ ಹಾಲು ಬರ್ತದೆ.

ಪೊಂಡಾ ಔಷಧಿ ಅಂಗಡಿ, ಸಂಜೆ 6:00

ನಂದು ಗೋವಾದಲ್ಲಿ ಮೆಡಿಕಲ್ ಅಂಗಡಿ, ಮೂಲ ಶಿರಸಿ. ಮಾರೋನು ಹೇಳೋದು ಅಂತ ಸ್ವಲ್ಪ ಕಳೆದೇ ಓದ್ಕೊಳ್ಳಿ. ಆ ಕ್ರೀಮಲ್ಲಿ ಇರೋದು ಹಾಲಿನ ಕೇಸಿನ್‌ನಿಂದ ತೆಗೆದ ಪ್ರೋಟೀನ್ ಚೂರು, ಅದು ಕ್ಯಾಲ್ಸಿಯಂ ಫಾಸ್ಫೇಟನ್ನ ಕರಗಿದ ಸ್ಥಿತೀಲೇ ಹಿಡಿದಿಟ್ಟು ಹಲ್ಲಿನ ಹತ್ರ ಒದಗಿಸ್ತದೆ. ಮೆಲ್ಬೋರ್ನ್ ವಿಶ್ವವಿದ್ಯಾಲಯದ ಎರಿಕ್ ರೆನಾಲ್ಡ್ಸ್ ಅನ್ನೋರ ಗುಂಪು ಕಂಡುಹಿಡಿದದ್ದು. ಎರಡು ಥರ ಸಿಗ್ತದೆ, ಬರೀ ಕ್ಯಾಲ್ಸಿಯಂ ಫಾಸ್ಫೇಟಿಂದು ಒಂದು, ಜೊತೆಗೆ 900 ಪಿಪಿಎಂ ಫ್ಲೋರೈಡ್ ಇರೋದು ಇನ್ನೊಂದು. ಗಿರಾಕಿ ಎರಡೂ ಒಂದೇ ಅಂದ್ಕೊಂಡು ಪೇಸ್ಟ್ ಬಿಟ್ಟು ಇದನ್ನೇ ಉಜ್ಜೋಕೆ ಶುರು ಮಾಡ್ತಾರೆ. ತಪ್ಪು. ಇದು ರಾತ್ರಿ ಪೇಸ್ಟಲ್ಲಿ ಉಜ್ಜಿದ ಮೇಲೆ ಬೆರಳಲ್ಲಿ ಸವರಿ ಮಲಗೋದು. ಹಾಲಿನ ಪ್ರೋಟೀನ್ ಅಲರ್ಜಿ ಇದ್ದವ್ರಿಗೆ ಕೊಡಬಾರದು, ಹಾಲು ಕುಡಿದ್ರೆ ಹೊಟ್ಟೆ ಉಬ್ಬರಿಸ್ತದೆ ಅನ್ನೋರಿಗೆ ತೊಂದ್ರೆ ಇಲ್ಲ, ಅದು ಬೇರೆ ಸಮಸ್ಯೆ.

ನನ್ನ ತಲೆಬಿಸಿ ಮೌತ್‌ವಾಶಿಂದು. ಕ್ಲಿಪ್ ಹಾಕಿದ ಮಕ್ಕಳ ಅಪ್ಪ ಅಮ್ಮ ಬಂದು ಆ ಗುಲಾಬಿ ಬಣ್ಣದ್ದು ಕೊಡಿ ಅಂತಾರೆ, ಅದು ಕ್ಲೋರ್‌ಹೆಕ್ಸಿಡಿನ್. ಒಸಡು ಊದಿದ್ರೆ ಡಾಕ್ಟ್ರು ಹೇಳಿದಷ್ಟು ದಿನ, ಒಂದೆರಡು ವಾರ ಬಳಸೋಕೆ ಸರಿ. ಆರಾರು ತಿಂಗಳು ಹಾಕ್ತಾ ಕೂತ್ರೆ ಹಲ್ಲಿನ ಮೇಲೆ ಕಂದು ಕಲೆ, ನಾಲಿಗೆಗೆ ಸಾರಿನ ರುಚಿ ಗೊತ್ತಾಗೋಲ್ಲ. ಪೇಸ್ಟಲ್ಲಿ ಉಜ್ಜಿದ ಕೂಡ್ಲೇ ಹಾಕಿದ್ರೆ ಅದರ ಶಕ್ತಿನೂ ಹೋಗ್ತದೆ, ಅರ್ಧ ಗಂಟೆಯಾದ್ರೂ ಬಿಡಬೇಕು. ಬಿಳಿ ಕಲೆಗೆ ಬೇಕಾಗಿದ್ದು ಫ್ಲೋರೈಡ್ ಮೌತ್‌ವಾಶ್, ಬಾಟಲಿ ಮೇಲೆ ಸೋಡಿಯಂ ಫ್ಲೋರೈಡ್ 0.05 ಪರ್ಸೆಂಟ್ ಅಂತ ಇದ್ರೆ ದಿನಾ ಬಳಸೋದು, 0.2 ಇದ್ರೆ ವಾರಕ್ಕೊಮ್ಮೆ. ಬಾಟಲಿಯ ಬಣ್ಣ ನೋಡಿ ತಗೋಬೇಡಿ.

ಪುಣೆ ಹಲ್ಲು ಡಾಕ್ಟ್ರು, ರಾತ್ರಿ 9:10

ಅಂಗಡಿಯವ್ರು ನನ್ನ ಕೆಲಸ ಹಗುರ ಮಾಡಿದ್ರು. ಹಾಲಿನ ಕ್ರೀಮ್ ಬಗ್ಗೆ ಇಷ್ಟೇ, ಕೆಲವು ಪ್ರಯೋಗದಲ್ಲಿ ಲಾಭ, ಕೆಲವದ್ರಲ್ಲಿ ಮಾಮೂಲಿ ಫ್ಲೋರೈಡ್‌ಗಿಂತ ಏನೂ ಜಾಸ್ತಿ ಇಲ್ಲ. ಬಜೆಟ್ ಬಿಗಿ ಇದ್ರೆ ಮೊದ್ಲು ಕೈಬಿಡಬೇಕಾದ್ದು ಅದೇ. ಆ ದುಡ್ಡಲ್ಲಿ ಸಂದಿ ಬ್ರಶ್ ತಗೊಳ್ಳಿ, ಚಿಕ್ಕ ಬಾಟಲಿ ತೊಳೆಯೋ ಬ್ರಶ್ ಥರ ಇರತ್ತಲ್ಲ, ತಂತಿ ಕೆಳಗೆ ತೂರಿಸಿ ಬ್ರಾಕೆಟ್ ಎರಡೂ ಪಕ್ಕ ಉಜ್ಜೋಕೆ. ಮೌತ್‌ವಾಶನ್ನ ಬ್ರಶ್ ಮಾಡಿದ ತಕ್ಷಣ ಹಾಕ್ಬೇಡಿ, ಪೇಸ್ಟಲ್ಲಿ ಅದಕ್ಕಿಂತ ಜಾಸ್ತಿ ಫ್ಲೋರೈಡ್ ಇದೆ, ಅದನ್ನ ತೊಳೆದ ಹಾಗಾಗತ್ತೆ. ಮಧ್ಯಾಹ್ನ ಸ್ಕೂಲಿಂದ ಬಂದ ಮೇಲೆ ಹಾಕ್ಲಿ.

ಕೋಥ್ರೂಡ್ ಕಾಫಿ, ರಾತ್ರಿ 9:35

ಡಾಕ್ಟ್ರೇ, ನಮ್ ಟೀಮಲ್ಲೊಬ್ಳು ಅಲೈನರ್, ಅದೇ ತೆಗೆದು ಹಾಕೋ ಪಾರದರ್ಶಕ ಪ್ಲಾಸ್ಟಿಕ್ ಕವಚ, ಹಾಕಿದಾಳೆ, ಅವ್ಳಿಗೆ ಈ ರಗಳೆ ಇಲ್ವಂತೆ?

ಪುಣೆ ಹಲ್ಲು ಡಾಕ್ಟ್ರು, ರಾತ್ರಿ 9:50

ತೆಗೆದು ಉಜ್ಬಹುದು, ಅಷ್ಟರ ಮಟ್ಟಿಗೆ ಸುಲಭ. ಹಾಕ್ಕೊಂಡೇ ಸಕ್ಕರೆ ಚಹಾ ಕುಡಿದ್ರೆ ಆ ಪ್ಲಾಸ್ಟಿಕ್ ಒಳಗೆ ಚಹಾ ನಿಂತಿರತ್ತೆ, ಜೊಲ್ಲಿಗೆ ಒಳಗೆ ಬರೋಕೆ ದಾರಿ ಇಲ್ಲ. ಅವ್ರನ್ನೂ ಕೇಳಿ ನೋಡಿ, ಮೀಟಿಂಗಲ್ಲಿ ಎಷ್ಟು ಸಲ ತೆಗೀತಾರೆ ಅಂತ.

ಡೊಂಬಿವ್ಲಿ ಅಮ್ಮ, ರಾತ್ರಿ 10:20

ಕೊನೆಯ ಪ್ರಶ್ನೆ. ಥಾಣೆಯ ಹುಡುಗನಿಗೆ ಈಗ ಎಂತ ಮಾಡುವುದು? ನಾದಿನಿ ಬ್ಲೀಚ್ ಮಾಡಿಸಿದ್ರೆ ಎಲ್ಲ ಒಂದೇ ಬಿಳಿ ಆಗ್ತದೆ ಅಂತ ಹೊರಟಿದ್ದಾಳೆ.

ಪುಣೆ ಹಲ್ಲು ಡಾಕ್ಟ್ರು, ರಾತ್ರಿ 10:45

ಅವ್ರನ್ನ ಸ್ವಲ್ಪ ತಡೀರಿ. ಕ್ಲಿಪ್ ಬಿಚ್ಚಿ ಒಂದೇ ತಿಂಗಳಾಗಿದೆ. ಪಾಚಿ ನಿಲ್ಲೋ ಜಾಗ ಹೋಯ್ತು ಅಂದ ಮೇಲೆ ಜೊಲ್ಲೇ ರಿಪೇರಿ ಶುರು ಮಾಡತ್ತೆ, ಮೊದಲ ಕೆಲವು ತಿಂಗಳಲ್ಲೇ ಕಲೆ ಸಾಕಷ್ಟು ಮಸುಕಾಗತ್ತೆ. ಈ ಹಂತದಲ್ಲಿ ಮುಂದಿನ ಹಲ್ಲಿಗೆ ಗಡದ್ದಾಗಿ ವಾರ್ನಿಶ್ ಬಳಿಯೋದೂ ಬೇಡ. ತಡೆಯೋಕೆ ಒಳ್ಳೇದಾಗಿದ್ದು ಈಗ ಉಲ್ಟಾ ಹೊಡೆಯತ್ತೆ, ಮೇಲಿನ ಪದರ ಬೇಗ ಮುಚ್ಕೊಂಡು ಒಳಗಿನ ತೂತು ತುಂಬದೇ ಬಿಳಿ ಹಾಗೇ ಉಳ್ಕೊಳತ್ತೆ. ಮಾಮೂಲಿ ಪೇಸ್ಟಲ್ಲಿ ಚೆನ್ನಾಗಿ ಉಜ್ಜಿ ಆರು ತಿಂಗಳು ಕಾಯ್ಲಿ. ಆಮೇಲೂ ಎದ್ದು ಕಾಣ್ತಿದ್ರೆ ರೆಸಿನ್ ಇನ್‌ಫಿಲ್ಟ್ರೇಶನ್ ಅಂತ ಇದೆ, 15 ಪರ್ಸೆಂಟ್ ಹೈಡ್ರೋಕ್ಲೋರಿಕ್ ಆಸಿಡ್ ಜೆಲ್‌ನಲ್ಲಿ ಮೇಲ್ಪದರ ತೆರೆದು, ನೀರಿನಷ್ಟು ತೆಳುವಾದ ರೆಸಿನ್ (ಗಟ್ಟಿಯಾಗೋ ಪ್ಲಾಸ್ಟಿಕ್ ಥರದ ದ್ರವ) ಒಳಗೆ ಇಳಿಸೋದು. ತೂತು ತುಂಬಿದ್ರೆ ಬೆಳಕು ಚದುರೋದು ಕಡಿಮೆ ಆಗಿ ಕಲ್ಲುಸಕ್ಕರೆ ಮತ್ತೆ ಕಲ್ಲುಸಕ್ಕರೆ ಆಗತ್ತೆ, ಪೂರ್ತಿ ಅಲ್ದಿದ್ರೂ. ಅದು ಡಾಕ್ಟ್ರ ಹತ್ರಾನೇ ಆಗ್ಬೇಕಾದ್ದು. ಖರ್ಚು ಜಾಸ್ತಿ ಅನ್ಸಿದ್ರೆ ಮುಂಬೈ ಸೆಂಟ್ರಲ್‌ನ ನಾಯರ್ ಡೆಂಟಲ್ ಕಾಲೇಜು, ಗೋವಾದವ್ರಿಗೆ ಬಾಂಬೊಳಿಯ ಡೆಂಟಲ್ ಕಾಲೇಜು ಇದೆ, ಸಮಯ ಹಿಡಿಯತ್ತೆ ಅಷ್ಟೆ.

ಮಾಟುಂಗಾ ಅಜ್ಜ, ಮರುದಿನ ಬೆಳಿಗ್ಗೆ 6:15

ಎಲ್ಲ ಓದಿದೆ. ಎಳ್ಳೆಣ್ಣೆ ನಾನು ಬಿಡುವುದಿಲ್ಲ. ಮೊಮ್ಮಗಳಿಗೆ ಮಾತ್ರ ಟ್ಯೂಬ್ ತಿರುಗಿಸಿ ಓದು ಅಂತ ಹೇಳಿದ್ದೇನೆ.

ಡೊಂಬಿವ್ಲಿ ಅಮ್ಮ, ಎಂಟು ತಿಂಗಳ ನಂತರ

ನೆನಪುಂಟಾ ನನ್ನದು? ಎಂತಾಯ್ತು ಅಂತ ಹೇಳದೆ ಇರುವುದು ಸರಿಯಲ್ಲ ಅಂತ ಬಂದೆ. ಮೊದಲ ತಿಂಗಳು ಮನೆಯಲ್ಲಿ ಯುದ್ಧ. ಮುಕ್ಕಳಿಸಬೇಡ ಅಂದ್ರೆ ಮಗಳು ಒಪ್ತಾಳೆ, ಅತ್ತೆಯವರು ಒಪ್ಪುವುದಿಲ್ಲ, ಎಂಜಲು ಬಾಯಲ್ಲಿ ದೇವರ ಕೋಣೆಗೆ ಹೋಗ್ತಾಳೆ ಅಂತ. ಕೊನೆಗೆ ಬೆಳಿಗ್ಗೆ ಸ್ನಾನಕ್ಕೆ ಮೊದಲು ಉಜ್ಜುವುದು, ಸ್ನಾನ ಆದ ಮೇಲೆ ಒಂದೇ ಒಂದು ಗುಟುಕು ನೀರಿನಲ್ಲಿ ಬಾಯಿ ತೊಳೆಯುವುದು ಅಂತ ರಾಜಿ ಆಯ್ತು. ರಾತ್ರಿ ಯಾರ ತಕರಾರೂ ಇಲ್ಲ. ಕಾಫಿಯವರು ಹೇಳಿದ ಗುಲಾಬಿ ಮಾತ್ರೆ ಭಾನುವಾರಕ್ಕೊಮ್ಮೆ, ಅದು ಅವಳಿಗೆ ಆಟ, ಅಪ್ಪನಿಗೂ ಕೊಟ್ಟು ನೋಡಿದ್ಲು, ಅವರ ಬಾಯಿ ಹೋಳಿ ಹಬ್ಬ. ವಾರ್ನಿಶ್ ಎರಡೇ ಸಲ ಬಳಿಸಿದ್ದು, ಪರೀಕ್ಷೆಯ ಸಮಯದಲ್ಲಿ ಉಜ್ಜುವುದು ತಪ್ಪಿದಾಗ. ತಿಂಗಳಿಗೊಮ್ಮೆ ಕಿಟಕಿ ಹತ್ರ ನಿಲ್ಲಿಸಿ ಫೋಟೋ ತೆಗೀತೇನೆ, ಇಷ್ಟರವರೆಗೆ ಒಂದೇ ಕಡೆ, ಮೇಲೆ ಎಡಗಡೆ ಕೋರೆಹಲ್ಲಿನ ಒಸಡಿನ ಹತ್ರ, ಸಣ್ಣ ಅಕ್ಕಿಕಾಳಷ್ಟು ಬಿಳಿ ಕಂಡಿತ್ತು, ಎರಡು ತಿಂಗಳಿಂದ ಅಷ್ಟೇ ಉಂಟು, ಬೆಳೀಲಿಲ್ಲ. ಥಾಣೆಯ ಹುಡುಗನದ್ದು ಮೇಲಿನ ಎರಡು ಹಲ್ಲಲ್ಲಿ ಇನ್ನೂ ಕಾಣ್ತದೆ, ಉಳಿದದ್ದು ಹುಡುಕಬೇಕು.

ವಾಸ್ಕೊ ಮುಂಡರಗಿ, ಅದೇ ದಿನ

ಅಕ್ಕಾರ, ನಮ್ಮ ಹುಡುಗಂದೂ ಮೂರ ತಿಂಗಳಾತು ಹಾಕಿ. ಫೋಟೋ ಮೊದಲ ತಗಿಸೇವಿ. ಅವನ ಅಜ್ಜಿ ಊರಿಂದ ಬಂದಾಗ ಉಂಡಿ, ಚಕ್ಕಲಿ ಡಬ್ಬಿಗಟ್ಟಲೆ ತಂದಿದ್ಲು, ಮುಚ್ಚಿ ಇಡೂದರಾಗ ಸಾಕಾತು. ನಿಮ್ಮಲ್ಲಿ ಬ್ರಾಕೆಟ್ ಏನೂ ಮುರದಿಲ್ಲೇನ್ರಿ?

ಡೊಂಬಿವ್ಲಿ ಅಮ್ಮ, ಅದೇ ದಿನ

ಒಂದು ಮುರಿಯಿತು. ಲೋನಾವಳಾ ಚಿಕ್ಕಿಯಲ್ಲಿ. ಮನೆಗೆ ತಂದದ್ದು ಯಾರು ಅಂತ ಮಾತ್ರ ಕೇಳ್ಬೇಡಿ.